‘ಡಿಲೀಷನ್’ ಆಯ್ತಂತೆ, ಅಳಿಸಿದ್ದು ಯಾರು?

ಹೋದ ವರ್ಷ ಒಂದು ಶುಕ್ರವಾರ, ಸಂಜೆ ಏಳರ ಸುಮಾರಿಗೆ, ನನ್ನ ಟೀಮಿನ ಹುಡುಗನೊಬ್ಬ ನನಗೊಂದು ಮೇಲ್ ಕಳಿಸಿದ. ಯಲಬುರ್ಗಾ ತಾಲೂಕಿನವನು. ನಾನು ಕುಷ್ಟಗಿಯವನು. ಹಾಗಾಗಿ ಆಫೀಸಿನ ಕ್ಯಾಂಟೀನಿನಲ್ಲಿ ನಮ್ಮಿಬ್ಬರ ಮಾತೆಲ್ಲ ಊರಿನ ಕನ್ನಡದಲ್ಲೇ. ಮೇಲ್ ಮಾತ್ರ ಇಂಗ್ಲಿಷು. ಅದರಲ್ಲಿದ್ದದ್ದು ಮೂರೇ ಮೂರು ವಾಕ್ಯ: ‘ಐ ಡಿಲೀಟೆಡ್ ದ ರಾಂಗ್ ಫೋಲ್ಡರ್. ಐ ರಿಸ್ಟೋರ್ಡ್ ಇಟ್ ಫ್ರಮ್ ದ ಬ್ಯಾಕಪ್. ವಿ ಲಾಸ್ಟ್ ದ ಬಿಲ್ಸ್ ಎಂಟರ್ಡ್ ಬಿಟ್ವೀನ್ ಫೋರ್ ಅಂಡ್ ಸಿಕ್ಸ್.’

ಓದಿ ನನಗೆ ಮೈ ಉರೀತು. ತಪ್ಪು ಮಾಡಿದ್ದಕ್ಕಲ್ಲ, ತಪ್ಪು ಎಲ್ಲರ ಕೈಯಲ್ಲೂ ಆಗುತ್ತೆ. ಬರೆದ ರೀತಿಗೆ. ಕ್ಲೈಂಟಿಗೆ ಹೋಗೋ ಮೇಲನ್ನ ಯಾರಾದರೂ ಹಿಂಗ ಬರೀತಾರೇನೋ, ಮೂರನೇ ಕ್ಲಾಸಿನ ಹುಡುಗ ಬರೆದಂಗ ಐತಿ ಅಂತ ಅವನನ್ನ ಪಕ್ಕಕ್ಕೆ ಕೂರಿಸಿಕೊಂಡು ‘ಪ್ರೊಫೆಷನಲ್’ ಇಂಗ್ಲಿಷಿನ ಪಾಠ ಮಾಡಿದೆ. ನಾನು ತಿದ್ದಿದ ಮೇಲೆ ಅದು ಹೀಗಾಯಿತು: ‘ಡ್ಯೂ ಟು ಆನ್ ಇನ್‌ಅಡ್ವರ್ಟೆಂಟ್ ಡಿಲೀಷನ್, ಎ ಬ್ರೀಫ್ ಡಿಸ್ರಪ್ಷನ್ ಇನ್ ಡೇಟಾ ಅವೈಲಬಿಲಿಟಿ ವಾಸ್ ಅಬ್ಸರ್ವ್ಡ್. ರೆಸ್ಟೊರೇಷನ್ ಹ್ಯಾಸ್ ಬೀನ್ ಕಂಪ್ಲೀಟೆಡ್ ವಿತ್ ಮಿನಿಮಲ್ ಇಂಪ್ಯಾಕ್ಟ್.’

ಹುಡುಗ ಕಣ್ಣರಳಿಸಿ ನೋಡಿದ. ‘ಭಾರಿ ಬರದ್ರಿ ಸರ’ ಅಂದ. ನನಗೂ ಹೆಮ್ಮೆ ಅನಿಸಿತು. ಕಳಿಸಿ ಮನೆಗೆ ಹೋದ್ವಿ.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅವನ ಮೂರು ವಾಕ್ಯದಲ್ಲಿ ‘ನಾಲ್ಕರಿಂದ ಆರು ಗಂಟೆಯ ಬಿಲ್ಲುಗಳು ಹೋದವು’ ಅಂತ ಇತ್ತು. ನನ್ನ ವಾಕ್ಯದಲ್ಲಿ ಅದು ‘ಮಿನಿಮಲ್ ಇಂಪ್ಯಾಕ್ಟ್’ ಅನ್ನೋ ಎರಡು ಪದದೊಳಗೆ ಮುಳುಗಿಹೋಯಿತು. ಕ್ಲೈಂಟು ಔಷಧ ಹಂಚುವ ಒಂದು ಸಂಸ್ಥೆ. ಅವರ ಹತ್ತಿರ ಬಿಲ್ಲುಗಳ ಕಾಗದದ ಪ್ರತಿ ಇದ್ದೇ ಇದ್ದವು. ‘ಈ ಎರಡು ತಾಸಿನ ಬಿಲ್ಲು ಮತ್ತೊಮ್ಮೆ ಹಾಕಿರಿ’ ಅಂತ ಹೇಳಿದ್ದರೆ ಶನಿವಾರ ಬೆಳಗ್ಗೆ ಅರ್ಧ ಗಂಟೆಯ ಕೆಲಸ. ಯಾರೂ ಹಾಕಲಿಲ್ಲ, ಯಾಕಂದರೆ ಹಾಕಬೇಕು ಅಂತ ಯಾರಿಗೂ ಗೊತ್ತಾಗಲಿಲ್ಲ. ತಿಂಗಳ ಕೊನೆಗೆ ಸ್ಟಾಕಿಗೂ ಲೆಕ್ಕಕ್ಕೂ ತಾಳೆ ಬರಲಿಲ್ಲ. ಅವರ ಬಿಲ್ಲಿಂಗ್ ಕೌಂಟರಿನಲ್ಲಿದ್ದ ಹೆಣ್ಣುಮಗಳೊಬ್ಬಳನ್ನು ಮೂರು ದಿನ ಪ್ರಶ್ನೆ ಮಾಡಿದರಂತೆ, ಮಾಲು ಎಲ್ಲಿ ಹೋಯಿತು ಅಂತ. ಆಕೆಯ ಮುಖ ನಾನು ನೋಡಿಲ್ಲ. ನಮ್ಮ ಲಾಗ್ ತೆಗೆದು ತೋರಿಸಿದ ಮೇಲೆ ಬಿಟ್ಟರು. ಯಾರೂ ಆಕೆಗೆ ಸಾರಿ ಹೇಳಿದ ಹಾಗೆ ಕಾಣಲಿಲ್ಲ. ನಾನೂ ಹೇಳಲಿಲ್ಲ.

ಹಾಗಾಗಿ ಈ ಲೇಖನ ವ್ಯಾಕರಣದ ಬಗ್ಗೆ ಅನಿಸಿದರೂ ಪೂರ್ತಿ ವ್ಯಾಕರಣದ ಬಗ್ಗೆ ಅಲ್ಲ.

ವಿಷಯ ಸರಳ. ಇಂಗ್ಲಿಷಿನಲ್ಲಿ ಒಂದೇ ಮಾತನ್ನ ಎರಡು ಥರ ಹೇಳಬಹುದು. ‘ವಿ ಡಿಸೈಡೆಡ್’ ಅನ್ನಬಹುದು, ‘ಎ ಡಿಸಿಷನ್ ವಾಸ್ ಮೇಡ್’ ಅನ್ನಬಹುದು. ‘ಐ ಚೆಕ್ಡ್’ ಅನ್ನಬಹುದು, ‘ವೆರಿಫಿಕೇಷನ್ ವಾಸ್ ಕ್ಯಾರೀಡ್ ಔಟ್’ ಅನ್ನಬಹುದು. ಮೊದಲನೆಯದರಲ್ಲಿ ಕೆಲಸ ಕ್ರಿಯಾಪದದಲ್ಲಿದೆ. ಎರಡನೆಯದರಲ್ಲಿ ಕೆಲಸವನ್ನ ಹಿಡಿದು, ಕೈಕಾಲು ಕಟ್ಟಿ, ನಾಮಪದ ಮಾಡಿ ಕೂರಿಸಿದ್ದಾರೆ. ಆಮೇಲೆ ಅದನ್ನ ಹೊರೋದಕ್ಕೆ ‘ಮೇಡ್’, ‘ಕ್ಯಾರೀಡ್ ಔಟ್’, ‘ಕಂಡಕ್ಟೆಡ್’ ಅಂತ ಬಾಡಿಗೆ ಕೂಲಿಗಳನ್ನ ಕರೆಸಿದ್ದಾರೆ.

ಇದನ್ನ ಪ್ಯಾಸಿವ್ ವಾಯ್ಸ್ ಜೊತೆ ಕಲಸಬೇಡಿ. ಎರಡೂ ದಾಯಾದಿಗಳು, ಒಂದೇ ಅಲ್ಲ. ‘ದ ಫೋಲ್ಡರ್ ವಾಸ್ ಡಿಲೀಟೆಡ್’ ಅಂದರೆ ಅಳಿಸಿದವನು ಮಾಯ, ಆದರೆ ಅಳಿಸಿದ್ದು ಆಗಿ ಮುಗಿದಿದೆ ಅನ್ನೋದಾದರೂ ಉಳಿದಿದೆ. ‘ಡಿಲೀಷನ್ ಆಫ್ ಫೋಲ್ಡರ್’ ಅಂದರೆ ಕಾಲವೂ ಮಾಯ. ಆಗಿದೆಯೋ, ಆಗ್ತಾ ಇದೆಯೋ, ಆಗಲಿದೆಯೋ? ಅದರಿಂದಲೇ ಸ್ಟೇಟಸ್ ಮೀಟಿಂಗಿನಲ್ಲಿ ‘ಡೇಟಾ ಮೈಗ್ರೇಷನ್’, ‘ಇಶ್ಯೂ ರೆಸೊಲ್ಯೂಷನ್’ ಅಂತ ಸ್ಲೈಡ್ ಹಾಕಿ ಆರು ವಾರ ತಳ್ಳೋದಕ್ಕೆ ಸಾಧ್ಯವಾಗೋದು. ‘ಡೇಟಾ ಸಾಗಿಸಿದಿರಾ?’ ಅಂತ ಕೇಳಿ ನೋಡಿ. ಹೌದು, ಇಲ್ಲ, ಎರಡೇ ಉತ್ತರ.

ಕ್ರಿಯಾಪದ ಅಂದರೆ ಅದರ ಪಕ್ಕದಲ್ಲೊಂದು ಕುರ್ಚಿ ಇಟ್ಟ ಹಾಗೆ. ಯಾರಾದರೂ ಬಂದು ಕೂರಲೇಬೇಕು. ನಾಮಪದಕ್ಕೆ ಆ ಕುರ್ಚಿ ಬೇಕಾಗಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ನಾವ್ಯಾಕೆ ನಾಮಪದದ ಇಂಗ್ಲಿಷನ್ನೇ ದೊಡ್ಡದು ಅಂತ ನಂಬ್ತೀವಿ? ನನ್ನ ಕಥೆ ಹೇಳ್ತೀನಿ. ನನ್ನಂಥವರು ಕನ್ನಡ ಮೀಡಿಯಮ್ಮಿನಲ್ಲಿ ಓದಿ, 371(ಜೆ) ಬಂದ ಮೇಲೆ ಸಿಕ್ಕ ಸೀಟಿನಲ್ಲಿ ಇಂಜಿನಿಯರಿಂಗ್ ಮುಗಿಸಿ, ಹೊಸಪೇಟೆಯಿಂದ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಬಂದವರು. ಬಂದ ಮೊದಲ ವಾರವೇ ಗೊತ್ತಾಗೋದು, ಇಲ್ಲಿ ನಮ್ಮ ಕೋಡನ್ನು ಆಮೇಲೆ ನೋಡ್ತಾರೆ, ಮೊದಲು ನಮ್ಮ ಇಂಗ್ಲಿಷನ್ನ ನೋಡ್ತಾರೆ ಅಂತ. ಉಚ್ಚಾರಣೆ ಸರಿಮಾಡೋದು ಕಷ್ಟ, ಅದಕ್ಕೆ ನಾಲಿಗೆ ಬೇರೆ ಬೇಕು. ಪದ ಉದ್ದ ಮಾಡೋದು ಸುಲಭ. ‘ಯೂಸ್’ ಬದಲು ‘ಯುಟಿಲೈಸೇಷನ್’. ‘ಐ ಥಿಂಕ್’ ಬದಲು ‘ಇಟ್ ಈಸ್ ಮೈ ಅಂಡರ್‌ಸ್ಟ್ಯಾಂಡಿಂಗ್’. ‘-ಷನ್’ ಅನ್ನೋದು ನಮಗೆ ಇಸ್ತ್ರಿ ಮಾಡಿದ ಅಂಗಿ ಇದ್ದ ಹಾಗೆ. ಹಾಕ್ಕೊಂಡರೆ ಹಳ್ಳಿ ಕಾಣಲ್ಲ ಅಂತ ಭ್ರಮೆ.

ಶಾಲೆಯೂ ಇದನ್ನೇ ಕಲಿಸಿತ್ತು. ಹತ್ತನೇ ಕ್ಲಾಸಿನಲ್ಲಿ ‘ಚೇಂಜ್ ದ ವಾಯ್ಸ್’ ಅಂತ ಬಂದರೆ ರಾಮ ಮಾವಿನ ಹಣ್ಣು ತಿಂದದ್ದನ್ನ ಮಾವಿನ ಹಣ್ಣು ರಾಮನಿಂದ ತಿನ್ನಲ್ಪಟ್ಟದ್ದಾಗಿ ಮಾಡ್ತಿದ್ವಿ. ಯಾಕೆ ಮಾಡಬೇಕು, ಯಾವಾಗ ಮಾಡಬಾರದು, ಯಾರೂ ಹೇಳಲಿಲ್ಲ. ಮಾರ್ಕು ಇದೆ, ಅಂದರೆ ದೊಡ್ಡದೇ ಇರಬೇಕು ಅಂದುಕೊಂಡ್ವಿ.

ಆದರೆ ಇದು ಬರೀ ಇಂಗ್ಲಿಷಿನ ರೋಗ ಅಂದರೆ ಸುಳ್ಳಾಗುತ್ತದೆ. ನಾವು ಬೆಂಗಳೂರಿಗೆ ಬರೋ ಮೊದಲೇ ಇದನ್ನ ಕನ್ನಡದಲ್ಲೇ ಅಂಟಿಸಿಕೊಂಡಿದ್ದೀವಿ.

ಕೊಪ್ಪಳ ಸೀಮೆ ನೋಡಿ. 1948ರ ಸೆಪ್ಟೆಂಬರಿನ ತನಕ ನಿಜಾಮರ ರಾಜ್ಯ. ಕೊಪ್ಪಳವಂತೂ ಸಾಲಾರ್ ಜಂಗ್ ಮನೆತನದ ಜಹಗೀರು. ಕಚೇರಿಯ ಭಾಷೆ ಉರ್ದು. ಅಲ್ಲಿಂದ ನಮಗೆ ಬಂದದ್ದೇನು? ತಕರಾರು, ದರಖಾಸ್ತು, ಫಿರ್ಯಾದಿ, ಜಮಾಬಂದಿ, ವಸೂಲಿ. ಎಲ್ಲ ನಾಮಪದ. 1956ರಲ್ಲಿ ಕನ್ನಡ ರಾಜ್ಯ ಸೇರಿದ್ವಿ, 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆ ಆಯಿತು. ಕಚೇರಿಯ ಕಾಗದ ಕನ್ನಡದಲ್ಲಿ ಬರತೊಡಗಿತು. ಅದೂ ಏನು ತಂತು? ಪರಿಶೀಲನೆ, ಅನುಷ್ಠಾನ, ಮಂಜೂರಾತಿ, ವಿಲೇವಾರಿ, ಅನುಸರಣಾ ವರದಿ. ಮತ್ತೆ ನಾಮಪದ. ಈಗ ಇಂಗ್ಲಿಷು, ಇಂಪ್ಲಿಮೆಂಟೇಷನ್ನು, ಎಸ್ಕಲೇಷನ್ನು. ಆಳೋರು ಬದಲಾದ ಹಾಗೆಲ್ಲ ನಾಮಪದಗಳ ಗಂಟು ಬದಲಾಯಿತು. ಬಾ, ಹೋಗು, ಕೊಡು, ಬಿತ್ತು, ಕೊಯ್ಯಿ ಅನ್ನೋ ಕ್ರಿಯಾಪದಗಳನ್ನ ಮಾತ್ರ ಯಾರಿಂದಲೂ ಬದಲಿಸೋಕೆ ಆಗಲಿಲ್ಲ. ಅವು ನಮ್ಮ ಹತ್ತಿರವೇ ಉಳಿದವು.

ನಮ್ಮ ಕುಷ್ಟಗಿ ಕಡೆ ಒಣಭೂಮಿ. ಸಜ್ಜೆ, ಜೋಳದ ಸಾಲಿನ ನಡುವೆ ಎತ್ತು ಹೂಡಿ ಕಳೆ ತೆಗೆಯೋದಕ್ಕೆ ‘ಎಡಿ ಹೊಡಿಯೋದು’ ಅಂತೀವಿ. ಕೃಷಿಯ ಕರಪತ್ರದಲ್ಲಿ ಅದು ‘ಅಂತರ ಬೇಸಾಯ ಕೈಗೊಳ್ಳುವುದು’. ಎಡಿ ಹೊಡೆದ ಮನುಷ್ಯನಿಗೆ ಬೆನ್ನು ನೋಯುತ್ತದೆ. ಅಂತರ ಬೇಸಾಯ ಕೈಗೊಂಡವನಿಗೆ ಬೆನ್ನೇ ಇಲ್ಲ.

ಒಮ್ಮೆ ಅಪ್ಪನಿಗೆ ಒಂದು ಕಚೇರಿಯಿಂದ ಪತ್ರ ಬಂದಿತ್ತು. ಬೆಳೆ ಹಾನಿಯ ಅರ್ಜಿಗೆ ಉತ್ತರ. ‘ತಮ್ಮ ಮನವಿಯು ಪರಿಶೀಲನೆಯಲ್ಲಿದ್ದು, ಸೂಕ್ತ ಕ್ರಮ ಕೈಗೊಳ್ಳಲಾಗುವುದು.’ ನಾನು ಓದಿ ಹೇಳಿದೆ. ಅಪ್ಪ ತಂಬಾಕು ತಿಕ್ಕೋದು ನಿಲ್ಲಿಸಿ ಕೇಳಿದ, ‘ಕೈಗೊಳ್ಳಾಂವ ಯಾರಂತ?’ ನಾನು ಕಾಗದವನ್ನ ಮತ್ತೊಮ್ಮೆ ನೋಡಿದೆ. ಅದರಲ್ಲಿ ಯಾರೂ ಇರಲಿಲ್ಲ. ‘ಯಾವಾಗಂತ?’ ಅಂದ. ಅದೂ ಇರಲಿಲ್ಲ. ನಾಲ್ಕನೇ ಇಯತ್ತೆ ಕಲಿತ ಅಪ್ಪ ಕೇಳಿದ ಈ ಎರಡು ಪ್ರಶ್ನೆಯನ್ನ ನಾನು ಒಂದು ಡಿಗ್ರಿ, ಎರಡು ಕಂಪನಿ, ಇಷ್ಟು ವರ್ಷದ ನೌಕರಿ ಆದಮೇಲೂ ಒಂದು ಮೇಲಿಗೆ ಕೇಳೋದನ್ನ ಕಲಿತಿರಲಿಲ್ಲ.

ಅಪ್ಪನಿಗೆ ಆ ಪ್ರಶ್ನೆ ಯಾಕೆ ಹೊಳೀತು ಅಂದರೆ, ಕನ್ನಡದ ಕ್ರಿಯಾಪದ ಹುಟ್ಟಿದ್ದೇ ಹಾಗೆ. ‘ಮರೆತೆ’ ಅನ್ನಿ. ಒಂದೇ ಪದ. ಮರೆಯೋ ಕೆಲಸ ಇದೆ, ಆಗಿಹೋದ ಕಾಲ ಇದೆ, ‘ನಾನು’ ಇದೀನಿ. ‘ಮರೆತಳು’ ಅಂದರೆ ಅವಳು, ‘ಮರೆತಿರಿ’ ಅಂದರೆ ನೀವು. ನಮ್ಮ ಕಡೆ ‘ಮರ್ತೀನಿ’, ‘ಮರ್ತಾಳ’, ‘ಮರ್ತೀರಿ’. ಇಂಗ್ಲಿಷಿನಲ್ಲಿ ‘ಐ’ ಅನ್ನೋದು ಬೇರೆ ಪದ, ಕಿತ್ತು ಬಿಸಾಕಬಹುದು. ಕನ್ನಡದಲ್ಲಿ ಅದು ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡಿದೆ. ಬಾಲ ಕತ್ತರಿಸಬೇಕು ಅಂದರೆ ಕ್ರಿಯಾಪದವನ್ನೇ ಕೊಲ್ಲಬೇಕು. ಅದಕ್ಕೇ ‘-ಲಾಗಿದೆ’, ‘-ಲಾಗುವುದು’ ಅನ್ನೋ ಕತ್ತರಿ. ಕುಷ್ಟಗಿಯ ಸಂತೆಯಿಂದ ಗಂಗಾವತಿಯ ರೈಸ್ ಮಿಲ್ಲಿನ ತನಕ ಹೋಗಿ ಬನ್ನಿ, ಒಬ್ಬನಾದರೂ ‘ಊಟ ಮಾಡಲಾಗಿದೆ’ ಅಂತಾನೇನು ನೋಡಿ. ಅಂದರೆ ಅವನು ತಮಾಷೆ ಮಾಡ್ತಿದಾನೆ ಅಂತಲೇ ಅರ್ಥ.

ರಸ್ತೆ ಅಗೆದು ಹಾಕುವ ಬೋರ್ಡು ನೋಡಿದೀರಲ್ಲ. ಇಂಗ್ಲಿಷಿನಲ್ಲಿ ‘ಇನ್‌ಕನ್ವೀನಿಯನ್ಸ್ ಕಾಸ್ಡ್ ಈಸ್ ರಿಗ್ರೆಟೆಡ್’. ಯಾರು ತೊಂದರೆ ಕೊಟ್ಟರು, ಯಾರಿಗೆ ಬೇಸರ, ದೇವರಿಗೇ ಗೊತ್ತು. ಅದನ್ನೇ ಕನ್ನಡಕ್ಕೆ ತರೋವಾಗ ‘ಅನಾನುಕೂಲತೆಗಾಗಿ ವಿಷಾದಿಸುತ್ತೇವೆ’ ಅಂತ ಬರೀತಾರೆ. ‘-ತ್ತೇವೆ’! ಬೇಡ ಬೇಡ ಅಂದರೂ ಬಾಲದಲ್ಲಿ ಒಂದು ‘ನಾವು’ ಬಂದು ಕೂತುಬಿಡುತ್ತದೆ. ಬೋರ್ಡು ಬರೆದ ಪೇಂಟರಿಗೆ ನನ್ನ ನಮಸ್ಕಾರ.

2024ರ ಆಗಸ್ಟ್ 10ರ ರಾತ್ರಿ ನೆನಪಿರಬಹುದು. ತುಂಗಭದ್ರಾ ಡ್ಯಾಮು ತುಂಬಿ ನಿಂತಿತ್ತು. 33 ಗೇಟುಗಳಲ್ಲಿ 19ನೆಯದರ ಚೈನ್ ಕಡಿದು, ಗೇಟೇ ಕೊಚ್ಚಿಕೊಂಡು ಹೋಯಿತು. ಒಂದರ ಮೇಲೆ ಭಾರ ಬೀಳಬಾರದು ಅಂತ ಉಳಿದ ಗೇಟುಗಳನ್ನೂ ತೆಗೆದು ನೀರು ಬಿಟ್ಟರು. ಡ್ಯಾಮಿನ ಎಡದಂಡೆ ಕಾಲುವೆ ನಂಬಿಕೊಂಡು ಗಂಗಾವತಿ, ಕಾರಟಗಿ ಕಡೆ ಭತ್ತ ಹಚ್ಚೋರು. ಮರುದಿನ ಬೆಳಗ್ಗೆ ಗಂಗಾವತಿಯ ನಮ್ಮ ಮಾವನ ಫೋನು. ‘ಗೇಟ್ ಕಿತ್ಕೊಂಡು ಹೋತಪ. ನೀರು ಹೊಂಟೈತಿ. ನಿಂದ್ರಸ್ತಾರೋ ಇಲ್ಲೋ ಗೊತ್ತಿಲ್ಲ.’ ಎಣಿಸಿ, ಎಷ್ಟು ಕ್ರಿಯಾಪದ! ಏನಾಯಿತು, ಏನಾಗ್ತಿದೆ, ಮುಂದೆ ಯಾರು ಏನು ಮಾಡಬೇಕು, ಅರ್ಧ ನಿಮಿಷದಲ್ಲಿ ಎಲ್ಲ ಬಂತು. ಇದನ್ನೇ ನನಗೆ ಕೊಟ್ಟು ಮೇಲ್ ಬರಿ ಅಂದಿದ್ದರೆ ‘ಸ್ಟ್ರಕ್ಚರಲ್ ಫೇಲ್ಯೂರ್ ಆಫ್ ಎ ಕ್ರೆಸ್ಟ್ ಗೇಟ್ ರಿಸಲ್ಟಿಂಗ್ ಇನ್ ಅನ್‌ಕಂಟ್ರೋಲ್ಡ್ ಡಿಸ್ಚಾರ್ಜ್’ ಅಂತ ಬರೀತಿದ್ದೆ. ತಪ್ಪಿಲ್ಲ, ಇಂಜಿನಿಯರುಗಳಿಗೆ ಅದು ಸರಿಯಾದ ಹೆಸರೇ. ಆದರೆ ‘ಫೇಲ್ಯೂರ್’ ಅಂದಾಗ ಅದು ಮಳೆ ಬಂದ ಹಾಗೆ, ತಾನಾಗೇ ಆದ ಹಾಗೆ ಕೇಳುತ್ತದೆ. ‘ಚೈನ್ ಕಡೀತು’ ಅಂದ ಕೂಡಲೇ ಮಾವ ಮುಂದಿನದನ್ನ ಕೇಳಿದ: ‘ಆ ಚೈನ್ ಕಡೀಕ ಯಾವಾಗ ನೋಡಿದ್ರು? ಯಾರು ನೋಡಿದ್ರು?’ 1953ರಿಂದ ನೀರು ಹಿಡಿದು ನಿಂತ ಡ್ಯಾಮಿನ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಅದೇ. ಕ್ರಿಯಾಪದ ಪ್ರಶ್ನೆ ಹುಟ್ಟಿಸ್ತು.

ಮತ್ತೆ ಆ ವಾರ ಎಲ್ಲರ ಬಾಯಲ್ಲಿದ್ದ ಹೆಸರೂ ಕ್ರಿಯಾಪದದ ಜೊತೆಗೇ ಬಂತು. ಕನ್ನಯ್ಯ ನಾಯ್ಡು ಬಂದರು, ಹರಿಯೋ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿದರು, ನೀರು ನಿಲ್ಲಿಸಿದರು. ‘ಇನ್‌ಸ್ಟಾಲೇಷನ್ ಸಂಪನ್ನವಾಯಿತು’ ಅಂತ ಊರಾಗೆ ಯಾರೂ ಹೇಳಲಿಲ್ಲ. ನಾಮಪದದಲ್ಲಿ ತಪ್ಪು ಮಾಡಿದವನು ಬಚ್ಚಿಟ್ಟುಕೊಳ್ತಾನೆ ಅಂತ ಬೈತೀವಲ್ಲ, ಒಳ್ಳೇದು ಮಾಡಿದವನೂ ಅಲ್ಲೇ ಕಳೆದುಹೋಗ್ತಾನೆ. ಅಪ್ರೈಸಲ್ ಫಾರ್ಮಿನಲ್ಲಿ ‘ಸಕ್ಸೆಸ್‌ಫುಲ್ ಕಂಪ್ಲೀಷನ್ ಆಫ್ ಮಾಡ್ಯೂಲ್’ ಅಂತ ಬರೆದುಕೊಂಡು, ಯಾಕೆ ನನ್ನ ಕೆಲಸ ಯಾರೂ ಗುರುತಿಸಲಿಲ್ಲ ಅಂತ ಅಳೋರು ಇದನ್ನ ಸ್ವಲ್ಪ ಯೋಚನೆ ಮಾಡಬೇಕು.

ನಮ್ಮ ಇಂಗ್ಲಿಷು ಹಿಂಗ್ಯಾಕೆ ಆಗುತ್ತೆ ಅನ್ನೋದಕ್ಕೆ ಇನ್ನೊಂದು ಕಾರಣ ಇದೆ, ಸ್ವಲ್ಪ ಟೆಕ್ನಿಕಲ್ಲು. ಕನ್ನಡ ಹೊರಗಿನ ಪದ ತಗೊಂಡರೆ ಅದಕ್ಕೊಂದು ‘ಮಾಡು’, ‘ಆಗು’ ಹಚ್ಚಿ ಒಳಗೆ ಬಿಟ್ಟುಕೊಳ್ಳುತ್ತದೆ. ತಕರಾರು ಮಾಡು, ಚರ್ಚೆ ಮಾಡು, ಡಿಸ್ಕಸ್ ಮಾಡು, ಕನ್‌ಫ್ಯೂಸ್ ಆಗು. ‘ಡಿಸ್ಕಸ್’ ಇಂಗ್ಲಿಷಿನಲ್ಲಿ ಕ್ರಿಯಾಪದವೇ, ಆದರೆ ನಮ್ಮ ಮನೆಯೊಳಗೆ ಬಂದಮೇಲೆ ‘ಚರ್ಚೆ’ಯ ಪಕ್ಕದಲ್ಲಿ ನಾಮಪದದ ಹಾಗೆ ಕೂರುತ್ತದೆ, ಓಡಾಡೋ ಕೆಲಸ ಎಲ್ಲ ‘ಮಾಡು’ ಮಾಡುತ್ತದೆ. ಇದೇ ಅಭ್ಯಾಸ ತಗೊಂಡು ವಾಪಸು ಇಂಗ್ಲಿಷಿಗೆ ಹೋದಾಗ ‘ವಿ ವಿಲ್ ಡೂ ದ ಡಿಸ್ಕಷನ್’, ‘ಪ್ಲೀಸ್ ಡೂ ದ ವೆರಿಫಿಕೇಷನ್’, ‘ಐ ವಿಲ್ ಗಿವ್ ದ ಎಕ್ಸ್‌ಪ್ಲನೇಷನ್’. ‘ಡಿಸ್ಕಸ್ ಅಬೌಟ್’ ಅಂತ ಬರೆದು ಬೈಸಿಕೊಳ್ತೀವಲ್ಲ, ಅದೂ ಇಲ್ಲಿಯದೇ. ‘ಡಿಸ್ಕಷನ್’ ಅನ್ನೋ ನಾಮಪದಕ್ಕೆ ‘ಅಬೌಟ್’ ಬೇಕು, ‘ಡಿಸ್ಕಸ್’ಗೆ ಬೇಡ. ನಮ್ಮ ತಲೆಯಲ್ಲಿ ಎರಡೂ ನಾಮಪದವೇ ಆದ್ದರಿಂದ ಎರಡಕ್ಕೂ ಹಚ್ತೀವಿ. ಇದನ್ನ ದಡ್ಡತನ ಅನ್ನಬೇಡಿ. ಒಂದು ಭಾಷೆಯ ರೂಢಿ ಇನ್ನೊಂದಕ್ಕೆ ಹೋಗಿದೆ, ಅಷ್ಟೇ. ಗೊತ್ತಾದಮೇಲೆ ತಿದ್ದಿಕೊಳ್ಳೋದು ಸುಲಭ: ‘ಡೂ’, ‘ಮೇಕ್’, ‘ಗಿವ್’, ‘ಕಂಡಕ್ಟ್’, ‘ಪರ್ಫಾರ್ಮ್’ ಕಂಡಲ್ಲೆಲ್ಲ ನಿಂತು, ಅದರ ಮುಂದೆ ಕೂತ ನಾಮಪದದ ಹೊಟ್ಟೆಯಲ್ಲಿ ಯಾವ ಕ್ರಿಯಾಪದ ಇದೆ ಅಂತ ನೋಡಿ, ಅದನ್ನ ಹೊರಗೆಳೀರಿ.

‘ಆದರೆ ಸರ್, ದೊಡ್ಡ ಕಂಪನಿಗಳು, ಅಮೆರಿಕದವರು ಹಾಗೇ ಬರೀತಾರಲ್ಲ’ ಅಂತೀರಾ? ಬರೀತಾರೆ. ಅವರಲ್ಲೇ ಅದರ ವಿರುದ್ಧ ಜಗಳವೂ ಹಳೇದು. ಜಾರ್ಜ್ ಆರ್ವೆಲ್ 1946ರಲ್ಲೇ ರಾಜಕೀಯ ಮತ್ತು ಇಂಗ್ಲಿಷ್ ಭಾಷೆಯ ಬಗ್ಗೆ ಬರೆದ ಪ್ರಬಂಧದಲ್ಲಿ ಈ ಚಾಳಿಯನ್ನ ಹಿಡಿದು ಜಾಡಿಸಿದ್ದ. ಅಮೆರಿಕದ ಶೇರು ಮಾರುಕಟ್ಟೆಯನ್ನ ನೋಡಿಕೊಳ್ಳೋ ಎಸ್‌ಇಸಿ 1998ರಲ್ಲಿ ಸರಳ ಇಂಗ್ಲಿಷಿನ ಕೈಪಿಡಿಯನ್ನೇ ಹೊರತಂದಿತು. ಅದರಲ್ಲಿ ‘ಅಡಗಿದ ಕ್ರಿಯಾಪದಗಳನ್ನ ಹುಡುಕಿ’ ಅಂತಲೇ ಒಂದು ಭಾಗ ಇದೆ. ಅದಕ್ಕೆ ಮುನ್ನುಡಿ ಬರೆದವರು ವಾರನ್ ಬಫೆಟ್. ತಾನು ವಾರ್ಷಿಕ ವರದಿ ಬರೆಯೋವಾಗ ತನ್ನ ಅಕ್ಕ-ತಂಗಿಗೆ ಹೇಳ್ತಿದೀನಿ ಅಂದುಕೊಂಡು ಬರೀತೀನಿ ಅಂತಾರೆ ಅವರು. ದುಡ್ಡು ಕಳೆದುಕೊಂಡೋರಿಗೆ ‘ಎರೋಷನ್ ಆಫ್ ವ್ಯಾಲ್ಯೂ’ ಅಂತ ಹೇಳಿ ಜಾರಿಕೊಳ್ಳಬಾರದು ಅನ್ನೋದು ಅಲ್ಲಿಯ ಕಾಳಜಿ. ನ್ಯೂಜಿಲೆಂಡಿನ ಹೆಲೆನ್ ಸ್ವೋರ್ಡ್ ಇಂಥ ಪದಗಳಿಗೆ ‘ಝಾಂಬಿ ನೌನ್ಸ್’ ಅಂತ ಹೆಸರಿಟ್ಟರು. ನಡೆದಾಡೋ ಹೆಣ. ಅವರು ಬಿಡಬೇಕು ಅಂತ ಒದ್ದಾಡ್ತಿರೋದನ್ನ ನಾವು ಇನ್‌ಕ್ರಿಮೆಂಟಿಗೋಸ್ಕರ ಕಲೀತಿದೀವಿ.

ಅಷ್ಟು ದೂರವಾದರೂ ಯಾಕೆ. ಕೊಪ್ಪಳದಲ್ಲೇ, ಗವಿಮಠದ ಬೆಟ್ಟದ ಮೇಲೆ, ಅಶೋಕನ ಶಾಸನ ಇದೆ. ಪಾಲ್ಕಿಗುಂಡುವಿನಲ್ಲಿ ಇನ್ನೊಂದು. ಜಾತ್ರೆಗೆ ಹೋದೋರೆಲ್ಲ ಗವಿಸಿದ್ಧೇಶ್ವರನಿಗೆ ಕೈಮುಗಿದು ದಾಸೋಹ ಉಂಡು ಬರ್ತಾರೆ, ಬಂಡೆ ಹತ್ತಿ ನೋಡೋರು ಕಡಿಮೆ. ಅದರಲ್ಲಿ ಆ ಚಕ್ರವರ್ತಿ ಏನು ಹೇಳ್ತಾನೆ ಗೊತ್ತಾ? ತಾನು ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು, ಆದರೆ ಮೊದಲ ಒಂದು ವರ್ಷ ತಾನು ಅಷ್ಟೊಂದು ಶ್ರಮಪಡಲಿಲ್ಲ, ಸಂಘವನ್ನ ಸೇರಿದ ಮೇಲೆ ಚೆನ್ನಾಗಿ ಶ್ರಮಪಟ್ಟೆ ಅಂತ. ‘ನಾನು’ ಅಂತಲೇ ಹೇಳ್ತಾನೆ, ಪ್ರಾಕೃತದಲ್ಲಿ, ಕಲ್ಲಿನ ಮೇಲೆ. ‘ಇನ್‌ಸಫಿಶಿಯೆಂಟ್ ಪ್ರೋಗ್ರೆಸ್ ವಾಸ್ ಅಬ್ಸರ್ವ್ಡ್ ಡ್ಯೂರಿಂಗ್ ದ ಇನಿಶಿಯಲ್ ಪೀರಿಯಡ್’ ಅನ್ನಲಿಲ್ಲ. ಅಶೋಕನಿಗೆ ಹೆದರಿಕೆ ಇರಲಿಲ್ಲ, ಅವನು ರಾಜ, ನಮಗೆ ಮ್ಯಾನೇಜರ್ ಇದ್ದಾನೆ ಅಂತ ನೀವು ಹೇಳಬಹುದು. ಒಪ್ತೀನಿ.

ಕವಿರಾಜಮಾರ್ಗ ತಿರುಳ್ಗನ್ನಡದ ನಾಡು ಯಾವುದು ಅಂತ ಹೇಳೋವಾಗ ಹೆಸರಿಸೋ ಊರುಗಳಲ್ಲಿ ಕೊಪಣ ಅಂದರೆ ಈ ಕೊಪ್ಪಳವೂ ಒಂದು. ಒಂಬತ್ತನೇ ಶತಮಾನದಲ್ಲಿ ಯಾರೋ ಚೆನ್ನಾಗಿ ಮಾತಾಡ್ತಿದ್ದರು ಅಂತ ಇವತ್ತು ನಾನು ಮೀಸೆ ತಿರುವೋದು ಸರಿಯಲ್ಲ. ಆದರೂ ನಮ್ಮ ಮಾತು ಒರಟು, ತಿದ್ದಬೇಕು ಅಂತ ಯಾರಾದರೂ ಹೇಳಿದಾಗ ಇದು ಹೊಟ್ಟೆಯೊಳಗೆ ಸ್ವಲ್ಪ ತಂಪು ಕೊಡುತ್ತದೆ.

ಈಗ ನನ್ನ ವಿರುದ್ಧದ ಮಾತು. ನಾಮಪದ ಇಲ್ಲದೆ ಬದುಕಕ್ಕಾಗಲ್ಲ. ವಿಜ್ಞಾನ ಬರೆಯೋರು ‘ನೀರು ಆವಿಯಾಗುತ್ತದೆ’ ಅಂತ ಒಮ್ಮೆ ಹೇಳಿ, ಮುಂದಿನ ವಾಕ್ಯದಲ್ಲಿ ‘ಈ ಆವಿಯಾಗುವಿಕೆಯ ವೇಗ’ ಅಂತ ಅದನ್ನೇ ಹೆಸರು ಮಾಡಿಕೊಂಡು ಮುಂದೆ ಹೋಗಲೇಬೇಕು. ಭಾಷಾವಿಜ್ಞಾನಿ ಹ್ಯಾಲಿಡೇ, ನ್ಯೂಟನ್ನನ ಬರವಣಿಗೆಯಲ್ಲೇ ಈ ಪದ್ಧತಿ ಬೆಳೆದದ್ದನ್ನ ತೋರಿಸಿದ್ದಾರೆ. ಹೇಳಿ ಆದ ಸಂಗತಿಯನ್ನ ಗಂಟು ಕಟ್ಟಿ ಹೆಗಲಿಗೆ ಹಾಕ್ಕೊಂಡು ನಡೆಯೋಕೆ ನಾಮಪದ ಬೇಕು. ಅಕೌಂಟ್ಸಿನಲ್ಲಿ ‘ಪೇಮೆಂಟ್’ ಒಂದು ವಸ್ತು, ಅದನ್ನ ಕ್ರಿಯಾಪದ ಮಾಡ್ತೀನಿ ಅಂತ ಹೊರಡೋದು ಹುಚ್ಚುತನ. ಮದುವೆ ಕಾರ್ಡಿನ ಮೇಲೆ ‘ವಿವಾಹ ಮಹೋತ್ಸವ’ ಅಂತಲೇ ಇರಲಿ, ‘ಮದುವೆ ಆಗ್ತೀವಿ ಬರ್ರಿ’ ಅಂತ ಹಾಕಿದರೆ ಬೀಗರು ಸುಮ್ಮನಿರಲ್ಲ. ನನ್ನ ಜಗಳ ಮೊದಲ ವಾಕ್ಯದ ಜೊತೆ. ಸಂಗತಿಯನ್ನ ಇನ್ನೂ ಹೇಳೇ ಇಲ್ಲ, ಆಗಲೇ ಗಂಟು ಕಟ್ಟಿ ಕೈಗೆ ಕೊಟ್ಟರೆ ಒಳಗೇನಿದೆ ಅಂತ ಯಾರಿಗೆ ಗೊತ್ತಾಗಬೇಕು?

ಇನ್ನೊಂದು ಆಕ್ಷೇಪಣೆ ಹೆಚ್ಚು ಗಟ್ಟಿ. ‘ಐ ಡಿಲೀಟೆಡ್’ ಅಂತ ಬರೆದ ಹುಡುಗನನ್ನ ಕ್ಲೈಂಟು ಹರಿದು ತಿಂದರೆ? ನೌಕರಿ ಹೋದರೆ? ನಿಜ. ಆ ಶುಕ್ರವಾರ ನಾನು ತಿದ್ದಿದ್ದರಲ್ಲಿ ಅರ್ಧ ನನ್ನ ಪ್ರತಿಷ್ಠೆ, ಇನ್ನರ್ಧ ಅವನನ್ನ ಉಳಿಸಬೇಕು ಅನ್ನೋದೂ ಇತ್ತು. ನಮ್ಮ ಇಂಡಸ್ಟ್ರಿಯಲ್ಲಿ ‘ಬ್ಲೇಮ್‌ಲೆಸ್ ಪೋಸ್ಟ್‌ಮಾರ್ಟಮ್’ ಅಂತ ಇದೆ, ಗೂಗಲ್ಲಿನವರು 2016ರಲ್ಲಿ ತಂದ ಎಸ್‌ಆರ್‌ಇ ಪುಸ್ತಕದಲ್ಲೇ ಅದಕ್ಕೊಂದು ಅಧ್ಯಾಯ ಇದೆ. ಯಾರನ್ನೂ ಬಲಿ ಕೊಡದೆ ಏನಾಯಿತು ಅಂತ ಬರೆಯೋದು. ಒಳ್ಳೆಯ ಪದ್ಧತಿ. ಆದರೆ ಅದಕ್ಕೆ ‘ನಾವು’ ಅನ್ನೋ ಪದ ಸಾಕು. ‘ವಿ ಡಿಲೀಟೆಡ್ ದ ರಾಂಗ್ ಫೋಲ್ಡರ್. ಪ್ಲೀಸ್ ಎಂಟರ್ ದ ಬಿಲ್ಸ್ ಫ್ರಮ್ ಫೋರ್ ಟು ಸಿಕ್ಸ್ ಅಗೇನ್.’ ಹುಡುಗನ ಹೆಸರಿಲ್ಲ, ಹೊಣೆ ಇದೆ, ಬಿಲ್ಲೂ ಇದೆ. ಟೀಮ್ ಲೀಡ್ ಅನ್ನೋನು ಆ ‘ವಿ’ ಒಳಗೆ ಹೋಗಿ ನಿಲ್ಲಬೇಕು, ಅದಕ್ಕೇ ಅವನಿಗೆ ಸಂಬಳ ಜಾಸ್ತಿ. ನಾನು ನಿಲ್ಲಲಿಲ್ಲ. ನಾಮಪದದ ಹಿಂದೆ ನಿಂತೆ. ಹುಡುಗನನ್ನ ಉಳಿಸಿದೆ ಅಂದುಕೊಂಡೆ. ಕೌಂಟರಿನಲ್ಲಿದ್ದ ಆ ಹೆಣ್ಣುಮಗಳು ಸಿಕ್ಕಿಬಿದ್ದಳು.

ನಮ್ಮಂಥ ಸೀನಿಯರುಗಳು ಮಾಡೋ ದೊಡ್ಡ ಅನ್ಯಾಯ ಇದೇ. ಊರಿನಿಂದ ಬಂದ ಹುಡುಗ ಹುಡುಗಿಯರು ಸೀದಾ ಇಂಗ್ಲಿಷು ತಗೊಂಡು ಬರ್ತಾರೆ. ಪದ ಕಡಿಮೆ, ಆರ್ಟಿಕಲ್ ತಪ್ಪು, ಆದರೆ ಯಾರು ಏನು ಮಾಡಿದರು ಅನ್ನೋದು ಗಾಜಿನ ಹಾಗೆ ಕಾಣುತ್ತೆ. ನಾವು ಆರ್ಟಿಕಲ್ ತಿದ್ದೋ ನೆಪದಲ್ಲಿ ಬೆನ್ನುಮೂಳೆ ಮುರೀತೀವಿ. ಆಮೇಲೆ ಟ್ರೇನಿಂಗಿನವರನ್ನ ಕರೆಸಿ ‘ಓನರ್‌ಶಿಪ್’ ಬಗ್ಗೆ ಎರಡು ದಿನದ ವರ್ಕ್‌ಶಾಪ್ ಮಾಡಿಸ್ತೀವಿ. ಅದೂ ನಾಮಪದವೇ, ನೋಡಿ.

ಹುಡುಗ ಕಲಿತ. ಚೆನ್ನಾಗಿಯೇ ಕಲಿತ. ಮೊನ್ನೆ ಬೆಳಗ್ಗೆ ಐದೂವರೆಗೆ ಅವನಿಂದ ಮೇಲ್ ಬಂತು: ‘ಡ್ಯೂ ಟು ದ ಸಡನ್ ಹಾಸ್ಪಿಟಲೈಸೇಷನ್ ಆಫ್ ಮೈ ಫಾದರ್, ನಾನ್-ಅವೈಲಬಿಲಿಟಿ ಫ್ರಮ್ ಮೈ ಸೈಡ್ ಈಸ್ ಎಕ್ಸ್‌ಪೆಕ್ಟೆಡ್ ಫಾರ್ ತ್ರೀ ಡೇಸ್. ಇನ್‌ಕನ್ವೀನಿಯನ್ಸ್ ಈಸ್ ರಿಗ್ರೆಟೆಡ್.’

ಹಾಸಿಗೆಯ ಮೇಲೆ ಎದ್ದು ಕೂತು ಅದನ್ನ ಎರಡು ಸಲ ಓದಿದೆ. ಒಂದೇ ಒಂದು ಆರ್ಟಿಕಲ್ಲೂ ತಪ್ಪಿರಲಿಲ್ಲ. ಮೇಲ್ ಬಿಟ್ಟು ವಾಟ್ಸಾಪಿನಲ್ಲಿ ಬರೆದೆ: ‘ಅಪ್ಪಗ ಏನಾತು? ಯಾವ ದವಾಖಾನಿಗೆ ಹಾಕೀರಿ? ಜೋಡಿ ಯಾರದಾರ? ನಾನು ಬರ್ಲೇನು?’

ಹತ್ತು ನಿಮಿಷ ಬಿಟ್ಟು ಉತ್ತರ ಬಂತು. ‘ಎದಿ ಹಿಡ್ಕೊಂಡು ಬಿದ್ರು ಸರ. ಕೊಪ್ಪಳಕ್ಕ ಒಯ್ದಾರ. ಅವ್ವ ಅದಾಳ. ನಾನು ಬಸ್ಸಿನ್ಯಾಗ ಅದೀನಿ, ಚಿತ್ರದುರ್ಗ ದಾಟೀನಿ. ನೀವು ಬರಬ್ಯಾಡ್ರಿ. ರಜಾ ಕೊಡ್ರಿ ಸಾಕು.’